ವೆಂಟ್ಸೋನೆ ಚರ್ಚು: ಬಿದ್ದ ಕಲ್ಲನ್ನೇ ಹೆಕ್ಕಿ ಕಟ್ಟಿದ ಕೆಲಸ ಹೇಗಿದೆ?

ಇಟಲಿಯ ಫ್ರಿಯೂಲಿ ಕಡೆ ಹೋಗುವವರು ಊದಿನೆ–ತರ್ವಿಸಿಯೊ ರೈಲಿನಲ್ಲಿ ವೆಂಟ್ಸೋನೆಯಲ್ಲಿ ಇಳಿಯಿರಿ. ಅಲ್ಲಿನ ಸಂತ ಅಂದ್ರೆಯಾ ಚರ್ಚಿನ ಒಳಗೆ ಹೋಗುವ ಆತುರ ಬೇಡ, ಮೊದಲು ಹೊರಗೆ ಒಂದು ಸುತ್ತು ಹಾಕಿ. ಬಿಸಿಲು ಓರೆಯಾಗಿದ್ದರೆ ಇನ್ನೂ ಒಳ್ಳೆಯದು. ಮೂಲೆ ಮುಕ್ಕಾದ ಕಲ್ಲು, ಹೊಂದದ ಬಣ್ಣ, ತೇಪೆ ಹಾಕಿದ ಸಂದು, ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ.

1338ರಲ್ಲಿ ಪ್ರತಿಷ್ಠೆಯಾದ ಈ ಕಟ್ಟಡ 1976ರ ಮೇ 6ರ ಭೂಕಂಪಕ್ಕೆ ಜಖಂ ಆದರೂ ನಿಂತಿತ್ತು. ಸೆಪ್ಟೆಂಬರ್ 15ರ ಕಂಪನಕ್ಕೆ ಕುಸಿಯಿತು. ಎರಡು ಮುಖಕ್ಕೆ ಕೆತ್ತಿದ ಕಲ್ಲು, ಹೊಟ್ಟೆಯೊಳಗೆ ಚೂರುಕಲ್ಲು ಮತ್ತು ಗಾರೆ ತುಂಬಿದ ಗೋಡೆಗಳ ಹಣೆಬರಹವೇ ಅದು. ಮೊದಲ ಕುಲುಕಿಗೆ ಪದರಗಳು ಒಂದನ್ನೊಂದು ಬಿಡುತ್ತವೆ, ಚೂರು ಕೆಳಗಿಳಿದು ಬೆಣೆಯಂತೆ ಕೂರುತ್ತದೆ. ಮುಂದಿನ ಕುಲುಕಿಗೆ ಮುಖದ ಕಲ್ಲು ಹೊರಕ್ಕೆ ಉದುರುತ್ತದೆ.

ಇದ್ದಲ್ಲೇ, ಇದ್ದ ಹಾಗೆಯೇ ಕಟ್ಟಬೇಕೆಂದು 1977ರಲ್ಲಿ ಊರಿನವರು ಸಹಿ ಸಂಗ್ರಹಿಸಿ ಹಠ ಹಿಡಿದರು. ಸಾವಿರಾರು ಕಲ್ಲುಗಳನ್ನು ಬಯಲಿನಲ್ಲಿ ಹರವಿ, ಒಂದೊಂದಕ್ಕೂ ನಂಬರ್ ಕೊಟ್ಟು, ಅಳೆದು, ಹಳೆಯ ಫೋಟೋಗಳೊಂದಿಗೆ ತಾಳೆ ನೋಡಲಾಯಿತು. ಸಾಲಿಟ್ಟು ಕಟ್ಟಿದ ಗೋಡೆಯಲ್ಲಿ ಕಲ್ಲಿನ ಎತ್ತರವೇ ಮೊದಲ ಸುಳಿವು: ಯಾವ ಸಾಲಿನದೆಂದು ಅದು ಹೇಳುತ್ತದೆ. ಆ ಸಾಲಿನಲ್ಲಿ ಎಷ್ಟನೆಯದೆಂದು ಉದ್ದ, ಅಂಚಿನ ಮುಕ್ಕು, ಕಲೆ ಹೇಳಬೇಕು. ಫೋಟೋ ಓರೆಯಾಗಿ ತೆಗೆದದ್ದಾದರೆ ಅಳತೆ ಸುಳ್ಳಾಗುತ್ತದೆ, ಅದನ್ನು ನೇರ ಮಾಡಿಕೊಂಡೇ ಹೋಲಿಸಬೇಕು. ಮರುಜೋಡಣೆ 1988ರಿಂದ 1995ರವರೆಗೆ ನಡೆಯಿತು. ನಿಧಾನ ಎನ್ನುವವರು ಒಂದು ಜಿಗ್ಸಾ ಪಝಲ್‌ನ ತುಂಡುಗಳ ಅಂಚು ಮುರಿದು ಜೋಡಿಸಿ ನೋಡಲಿ.

ಒಳಗೆ ಭಿತ್ತಿಚಿತ್ರಗಳು ತುಂಡುತುಂಡಾಗಿವೆ, ನಡುವೆ ಬೋಳು ಗೋಡೆ. ಹೊಸದಾಗಿ ಬಳಿದು ಪೂರ್ತಿ ಮಾಡಿಲ್ಲ. ತುಂಬಿದ ಚಿತ್ರ ನೋಡುವ ಆಸೆಯಿಂದ ಹೋದವರಿಗೆ ನಿರಾಸೆಯೇ. ಆದರೆ ನಮ್ಮ ಲೆಕ್ಕದಲ್ಲಿ ಹಾಗೆ ಬೋಳಾಗಿಯೇ ಬಿಟ್ಟದ್ದು ಈ ಕೆಲಸದ ದೊಡ್ಡ ಗುಣ. ಕೊರತೆ ಬೇರೆ ಇದೆ: ಬರೀ ಚರ್ಚು ನೋಡಿದರೆ ಜೋಡಣೆಯ ಕಥೆ ಅರ್ಧವೂ ತಿಳಿಯುವುದಿಲ್ಲ. ಹಾಗಾಗಿ ಚರ್ಚಿನ ಒಳಗೆ ಹೋಗುವ ಮುಂಚೆ ಅದೇ ಊರಿನ ಪಲಾತ್ಸೊ ಒರ್ಞಾನಿ-ಮಾರ್ತಿನಾ ಎಂಬ ಮಹಲಿನಲ್ಲಿರುವ ಭೂಕಂಪದ ಪ್ರದರ್ಶನವನ್ನು ಮುಗಿಸಿ. ಚರ್ಚಿನ ಪಕ್ಕದ ಸಂತ ಮಿಕೇಲೆ ಪ್ರಾರ್ಥನಾಲಯದ ಮಮ್ಮಿಗಳು, ಅಂದರೆ ಕೊಳೆಯದೆ ಒಣಗಿ ಉಳಿದ ಹಳೆಯ ಹೆಣಗಳು, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಎರಡು ಸಲ ಯೋಚಿಸುವ ವಿಷಯ.