ಟರ್ಬೊ ಪಕ್ಕದ ವ್ಯಾಕ್ಯೂಮ್ ಪೈಪ್: ಸಿಲಿಕೋನ್ ಹಾಕಿ ಮೂರು ವರ್ಷ

ಮೊದಲೇ ಹೇಳಿಬಿಡುತ್ತೇನೆ, ಸಿಲಿಕೋನ್ ಪೈಪ್ ಚೆನ್ನಾಗಿದೆ. ಮೂರು ವರ್ಷ, 41,000 ಕಿಲೋಮೀಟರ್ ಆಯಿತು, ಇನ್ನೂ ಮೆತ್ತಗಿದೆ. ಆದರೆ ನಾನು ಪೈಪ್ ಜೊತೆಗೆ ಅದು ಹಾದುಹೋಗುವ ದಾರಿಯನ್ನೂ ಬದಲಿಸಿದ್ದೆ. ಅರ್ಧಕ್ಕಿಂತ ಹೆಚ್ಚು ಪುಣ್ಯ ಅದಕ್ಕೇ ಸೇರಬೇಕು.

ನನ್ನದು ಟರ್ಬೊ ಪೆಟ್ರೋಲ್ ಗಾಡಿ. ಟರ್ಬೊ ಅಂದರೆ ಇಂಜಿನ್ ಬಿಡುವ ಹೊಗೆಯ ರಭಸಕ್ಕೆ ತಿರುಗಿ, ಇಂಜಿನ್ ಒಳಗೆ ಗಾಳಿ ಒತ್ತಿ ತುಂಬುವ ಯಂತ್ರ. ತೊಂದರೆ ಶುರುವಾಗಿದ್ದು ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ ಮುಳ್ಳು ಮೇಲೆ ಕೆಳಗೆ ಆಡುತ್ತಿತ್ತು. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಏನೂ ಇರುತ್ತಿರಲಿಲ್ಲ, ಇಂಜಿನ್ ಬಿಸಿಯಾದ ಮೇಲೆಯೇ ಕಾಟ. ಓವರ್‌ಟೇಕ್ ಮಾಡಲು ಹೋದರೆ ಪಿಕಪ್ ಇಲ್ಲ, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಬಂದ ಹಾಗೆ ಆಗಿ ಸುಸ್ತಾಗುತ್ತಿತ್ತು. ಒಂದು ವಾರದಲ್ಲಿ ಚೆಕ್ ಇಂಜಿನ್ ಲೈಟ್ ಹತ್ತಿತು. ಕೋಡ್ ಪಿ0171. ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಗ್ಯಾರೇಜ್‌ನಲ್ಲಿ ಸ್ಪಾರ್ಕ್ ಪ್ಲಗ್ ಬದಲಿಸಿದರು, ಥ್ರಾಟಲ್ ಬಾಡಿ ತೊಳೆದರು. ಮೂರು ದಿನಕ್ಕೆ ಲೈಟ್ ಮತ್ತೆ ಬಂತು. ಆಮೇಲೆ ಏರ್‌ಫ್ಲೋ ಸೆನ್ಸರ್ ಹೋಗಿದೆ, ಬದಲಿಸೋಣ ಅಂದರು. ಅಲ್ಲಿಗೆ ನಿಲ್ಲಿಸಿ, ಒಂದು ಚಿಕ್ಕ ಸ್ಕ್ಯಾನರ್ ತಗೊಂಡು ನಾನೇ ನೋಡಲು ಕುಳಿತೆ.

ಫ್ಯೂಯಲ್ ಟ್ರಿಮ್, ಅಂದರೆ ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಲೆಕ್ಕ, ನೋಡಿದಾಗ ವಿಷಯ ತಿಳಿಯಾಯಿತು. ಐಡಲ್‌ನಲ್ಲಿ ಪ್ಲಸ್ 18 ಇತ್ತು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಂನಲ್ಲಿ ಹಿಡಿದರೆ ಪ್ಲಸ್ 5ಕ್ಕೆ ಇಳಿಯುತ್ತಿತ್ತು. ಐಡಲ್‌ನಲ್ಲಿ ಇಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಹಾಗಾಗಿ ಕಳ್ಳದಾರಿಯಲ್ಲಿ ನುಗ್ಗುವ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಆರ್‌ಪಿಎಂ ಏರಿದರೆ ಅದೇ ಸೋರಿಕೆ ಲೆಕ್ಕಕ್ಕೇ ಬರುವುದಿಲ್ಲ. ಸೆನ್ಸರ್ ಕೆಟ್ಟಿದ್ದರೆ ಸಾಮಾನ್ಯವಾಗಿ ಆರ್‌ಪಿಎಂ ಏರಿಸಿದಾಗಲೂ ಟ್ರಿಮ್ ಹೀಗೆ ಇಳಿದುಬಿಡುವುದಿಲ್ಲ. ಬೆಳಗ್ಗೆ ಸರಿ ಇರುತ್ತಿದ್ದುದೂ ಆಗ ಅರ್ಥವಾಯಿತು. ತಣ್ಣಗಿನ ಇಂಜಿನ್‌ಗೆ ಕಂಪ್ಯೂಟರ್ ಹೇಗಿದ್ದರೂ ಪೆಟ್ರೋಲ್ ಜಾಸ್ತಿ ಕೊಡುತ್ತದೆ, ಸೋರಿಕೆ ಮುಚ್ಚಿಹೋಗುತ್ತದೆ.

ಬೇರೊಂದು ಕಡೆ ಸ್ಮೋಕ್ ಟೆಸ್ಟ್ ಮಾಡಿಸಿದೆ. ಪೈಪ್‌ಗಳೊಳಗೆ ಹೊಗೆ ತುಂಬಿ ಎಲ್ಲಿಂದ ಹೊರಬರುತ್ತದೆ ಅಂತ ನೋಡುವ ಪರೀಕ್ಷೆ ಅದು. ಹತ್ತೇ ನಿಮಿಷ. ಟರ್ಬೊ ಹಿಂದಿನಿಂದ ಎಳೆ ಎಳೆಯಾಗಿ ಹೊಗೆ ಎದ್ದಿತು. ಇನ್‌ಟೇಕ್ ಮ್ಯಾನಿಫೋಲ್ಡ್‌ನಿಂದ (ಇಂಜಿನ್‌ಗೆ ಗಾಳಿ ಹಂಚುವ ಕೊಳವೆ) ಬೈಪಾಸ್ ವಾಲ್ವ್‌ಗೆ (ಆಕ್ಸಿಲರೇಟರ್ ಬಿಟ್ಟಾಗ ಟರ್ಬೊ ಒತ್ತಿದ ಗಾಳಿಯನ್ನು ವಾಪಸ್ ಬಿಡುವ ವಾಲ್ವ್) ಹೋಗುವ, ಒಳಗೆ 4 ಮಿಲಿಮೀಟರ್ ಅಗಲದ ಪುಟ್ಟ ಪೈಪ್ ಅದು. ಕೆಲವರು ಇಂಥ ಸೋರಿಕೆ ಹುಡುಕಲು ಬ್ರೇಕ್ ಕ್ಲೀನರ್ ಸಿಂಪಡಿಸುತ್ತಾರೆ. ಬಿಸಿ ಟರ್ಬೊ ಪಕ್ಕದಲ್ಲಿ ದಯವಿಟ್ಟು ಅದನ್ನು ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು.

ಮೇಲಿಂದ ನೋಡಿದರೆ ಆ ಪೈಪ್‌ಗೆ ಏನೂ ಆಗಿರಲಿಲ್ಲ, ಕಪ್ಪಗೆ, ನೆಟ್ಟಗೆ ಇತ್ತು. ಕೆಳಗೆ ಪುಟ್ಟ ಕನ್ನಡಿ ಹಿಡಿದು ಟಾರ್ಚ್ ಬಿಟ್ಟೆ. ಟರ್ಬೊ ಕಡೆಗಿದ್ದ ಮೈ ಬೂದಿ ಬಣ್ಣಕ್ಕೆ ತಿರುಗಿ, ಒಣಗಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಎರಡು ಬೆರಳಲ್ಲಿ ಸ್ವಲ್ಪ ಬಾಗಿಸಿದೆ ಅಷ್ಟೇ, ಕಡ್ಡಿ ಮುರಿದ ಹಾಗೆ ಲಟಕ್ ಎಂದಿತು. ರಬ್ಬರ್ ಅನ್ನೋ ಗುಣವೇ ಅದರಲ್ಲಿ ಉಳಿದಿರಲಿಲ್ಲ.

ಇದೊಂದೇ ಪೈಪ್ ಐಡಲ್ಲನ್ನೂ ಪಿಕಪ್ಪನ್ನೂ ಹಾಳು ಮಾಡಿದ್ದು ಹೇಗೆ? ಐಡಲ್‌ನಲ್ಲಿ ಅದರೊಳಗೆ ವ್ಯಾಕ್ಯೂಮ್, ಅಂದರೆ ಹೊರಗಿಗಿಂತ ಕಡಿಮೆ ಒತ್ತಡ, ಇರುತ್ತದೆ, ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಬೂಸ್ಟ್ ಬಂದಾಗ ಅದೇ ಪೈಪ್‌ನಲ್ಲಿ ಒತ್ತಡ ತುಂಬುತ್ತದೆ. ಆ ಒತ್ತಡವೇ ಬೈಪಾಸ್ ವಾಲ್ವನ್ನು ಮುಚ್ಚಿ ಹಿಡಿಯಬೇಕು. ಪೈಪ್ ಸೋರಿದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಟರ್ಬೊ ಒತ್ತಿದ ಗಾಳಿ ಸುಮ್ನೆ ವಾಪಸ್ ಸುತ್ತುತ್ತದೆ.

ಮೊದಲ ಸಲ ಸಾಮಾನ್ಯ ರಬ್ಬರ್ ಪೈಪನ್ನೇ ಹಾಕಿದೆ. ಗಾಡಿ ಹೊಸದರ ಹಾಗೆ ಓಡಿತು. ಎಂಟೇ ತಿಂಗಳು. ಅದೇ ಜಾಗ, ಅದೇ ಬಿರುಕು. ಪೆಟ್ರೋಲ್ ಇಂಜಿನ್‌ನಲ್ಲಿ ಪೂರ್ತಿ ಲೋಡ್ ಇದ್ದಾಗ ಟರ್ಬೈನ್‌ಗೆ ಬರುವ ಹೊಗೆ 900 ಡಿಗ್ರಿ ದಾಟಬಹುದು. ಸಾಮಾನ್ಯ ನೈಟ್ರೈಲ್ ರಬ್ಬರ್ ಸುಮಾರು 100 ಡಿಗ್ರಿ ತಡೆಯುತ್ತದೆ, ಅದಕ್ಕಿಂತ ಜಾಸ್ತಿ ಬಿಸಿ ದಿನವೂ ತಾಗಿದರೆ ಗಟ್ಟಿಯಾಗುತ್ತಾ ಹೋಗುತ್ತದೆ. ಇನ್ನೊಂದು ವಿಷಯ, ಓಡುವಾಗ ಪೈಪ್‌ಗೆ ಗಾಳಿಯಾದರೂ ಬೀಸುತ್ತಿರುತ್ತದೆ. ಗಾಡಿ ನಿಲ್ಲಿಸಿ ಆಫ್ ಮಾಡಿದ ಮೇಲೆ ಅದೂ ಇಲ್ಲ. ಟರ್ಬೊದ ಕಾವೆಲ್ಲ ಬಾನೆಟ್ ಕೆಳಗೇ ಕುದಿಯುತ್ತದೆ. ಪೈಪ್ ಬೇಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿ.

ಹಾಗಾಗಿ ಎರಡನೇ ಸಲ ಯೋಚಿಸಿ ಕೆಲಸ ಮಾಡಿದೆ. ಸಿಲಿಕೋನ್ ಪೈಪ್ ತಗೊಂಡೆ, 180 ಡಿಗ್ರಿವರೆಗೆ ತಡೆಯುತ್ತದೆ. ಒಳಗಿನ ಅಳತೆ ಅದೇ 4, ಗೋಡೆಯ ದಪ್ಪ 3 ಮಿಲಿಮೀಟರ್. ಗೋಡೆ ತೆಳ್ಳಗಿದ್ದರೆ ಸಿಲಿಕೋನ್ ಮೆತ್ತಗಾಗಿ ವ್ಯಾಕ್ಯೂಮ್‌ಗೆ ಒಳಗೆ ಕುಸಿಯುತ್ತದೆ, ಆದ್ದರಿಂದ ದಪ್ಪದ ವಿಷಯದಲ್ಲಿ ಜುಗ್ಗತನ ಬೇಡ. ಹಳೆಯ ಪೈಪನ್ನು ಎಳೆಯಲಿಲ್ಲ. ಎಳೆದರೆ ಪೈಪ್ ಸಿಕ್ಕಿಸುವ ಪ್ಲಾಸ್ಟಿಕ್ ಮೂತಿ, ಅದೇ ನಿಪ್ಪಲ್, ಮುರಿಯುತ್ತದೆ, ಆಗ ಖರ್ಚು ಹತ್ತು ಪಟ್ಟು. ಬ್ಲೇಡ್‌ನಲ್ಲಿ ನಿಪ್ಪಲ್‌ಗೆ ತಾಗದ ಹಾಗೆ ಉದ್ದಕ್ಕೆ ಸೀಳಿ ಬಿಡಿಸಿದೆ.

ಆಮೇಲೆ ದಾರಿ. ಹಳೆ ಪೈಪ್ ಟರ್ಬೊ ಹೀಟ್ ಶೀಲ್ಡ್‌ನಿಂದ (ಕಾವು ತಡೆಯುವ ತಗಡು) ಒಂದು ಬೆರಳು ದೂರದಲ್ಲಿತ್ತು. ಕಾರಣ ತಿಳಿಯಲು ತಡಕಾಡಿದಾಗ, ಪೈಪ್ ಹಿಡಿಯುವ ಕ್ಲಿಪ್ ಒಂದು ಮುರಿದು ಬಿದ್ದಿದ್ದು ಕಂಡಿತು. ಕ್ಲಿಪ್ ಇಲ್ಲದೆ ಪೈಪ್ ಜೋತುಬಿದ್ದು ಶಾಖದ ಬಾಯಿಗೆ ಹೋಗಿತ್ತು. ನಾನು ಎರಡು ಸಲ ಪೈಪ್ ಕಳೆದುಕೊಂಡಿದ್ದು ಈ ಕ್ಲಿಪ್‌ನಿಂದ! ಹೊಸ ಕ್ಲಿಪ್ ಹಾಕಿ, ಅಂಗೈ ಅಗಲ ದೂರ ಬರುವ ಹಾಗೆ ಮೇಲೆತ್ತಿ ಕಟ್ಟಿದೆ. ಟರ್ಬೊಗೆ ಎದುರಾಗಿರುವ ಭಾಗಕ್ಕೆ ಅಲ್ಯೂಮಿನಿಯಂ ಹೊದಿಕೆಯ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿದೆ. ಪೈಪನ್ನು ಬೇಕಾದ್ದಕ್ಕಿಂತ ಉದ್ದ ಬಿಡಲಿಲ್ಲ, ಉದ್ದ ಜಾಸ್ತಿಯಾದರೆ ವಾಲ್ವ್‌ಗೆ ಒತ್ತಡ ತಲುಪುವುದು ತಡವಾಗುತ್ತದೆ.

ಟ್ರಿಮ್ ಮರುದಿನವೇ ಪ್ಲಸ್ 2ಕ್ಕೆ ಬಂತು. ಮೂರು ವರ್ಷವಾದರೂ ಅಲ್ಲೇ ನಿಂತಿದೆ.

ಸಿಲಿಕೋನ್‌ನಲ್ಲಿ ದೋಷ ಇಲ್ಲ ಅಂತಲ್ಲ. ಚೂಪಾದ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತದೆ. ಎರಡನೇ ವರ್ಷ ಒಂದು ಬ್ರಾಕೆಟ್‌ಗೆ ತಾಗಿ ಉಗುರಿನಷ್ಟು ಗಾಯವಾಗಿತ್ತು. ಆ ತುದಿ ಕತ್ತರಿಸಿ ಮತ್ತೆ ಸೇರಿಸಿದೆ. ಸ್ಕ್ರೂ ಕ್ಲಾಂಪ್ ಬಿಗಿದರೆ ಅದರ ಹಲ್ಲು ಸಿಲಿಕೋನ್ ಒಳಗೆ ಇಳಿಯುತ್ತದೆ, ಸ್ಪ್ರಿಂಗ್ ಕ್ಲಾಂಪೇ ವಾಸಿ. ಎಲ್ಲಕ್ಕಿಂತ ಮುಖ್ಯ, ಸಿಲಿಕೋನ್‌ಗೂ ಎಣ್ಣೆಗೂ ಆಗಿಬರುವುದಿಲ್ಲ. ಉತ್ಸಾಹದಲ್ಲಿ ನಾನು ಕ್ರ್ಯಾಂಕ್‌ಕೇಸ್ (ಇಂಜಿನ್‌ನ ಕೆಳಭಾಗ) ಒಳಗಿನ ಆವಿ ಹೊರಗೆ ಬಿಡುವ ಚಿಕ್ಕ ಪೈಪ್‌ಗೂ ಅದನ್ನೇ ಹಾಕಿದ್ದೆ. ಆರು ತಿಂಗಳಲ್ಲಿ ಎಣ್ಣೆ ಆವಿ ಕುಡಿದು ಊದಿಕೊಂಡು ಜಾರಿಬಿತ್ತು. ಅಲ್ಲಿಗೆ ಫ್ಲೋರೋಸಿಲಿಕೋನ್ ಒಳಪದರ ಇರುವ ಪೈಪ್ ಬೇಕು. ಪೆಟ್ರೋಲ್ ಪೈಪ್‌ಗಂತೂ ಸಿಲಿಕೋನ್ ಬೇಡವೇ ಬೇಡ. ಬ್ರೇಕ್ ಬೂಸ್ಟರ್ ಪೈಪ್‌ಗೆ ಕಂಪನಿಯದನ್ನೇ ಹಾಕಿ, ಅಲ್ಲಿ ಯಾವ ಪ್ರಯೋಗವೂ ಬೇಡ.

ನಿಮ್ಮದು ಡೀಸೆಲ್ ಟರ್ಬೊ ಆಗಿದ್ದರೆ ಲಕ್ಷಣ ಬೇರೆ. ಹಲವು ಡೀಸೆಲ್ ಗಾಡಿಗಳಲ್ಲಿ ಟರ್ಬೊ ಆಕ್ಚುಯೇಟರನ್ನು, ಅಂದರೆ ಬೂಸ್ಟ್ ಹೆಚ್ಚು ಕಡಿಮೆ ಮಾಡುವ ಕಡ್ಡಿಯನ್ನು ಆಡಿಸುವ ಭಾಗವನ್ನು, ವ್ಯಾಕ್ಯೂಮ್ ಎಳೆಯುತ್ತದೆ. ಪೈಪ್ ಸೋರಿದರೆ ಐಡಲ್ ಸರಿಯಾಗೇ ಇರುತ್ತದೆ, ಬೂಸ್ಟ್ ಮಾತ್ರ ಬರುವುದಿಲ್ಲ, ಪಿ0299 ಕೋಡ್ ಬೀಳಬಹುದು. ಟರ್ಬೊ ಹೋಗಿದೆ ಅಂತ ಯಾರಾದರೂ ಹೇಳಿದರೆ ಮೊದಲು ಆ ಪೈಪ್‌ಗಳನ್ನು ಕೈಯಿಂದ ಮುಟ್ಟಿ ನೋಡಿ. ಒತ್ತಡದಿಂದ ತೆರೆಯುವ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದ ಹಾಗೆ ಪಕ್ಕಕ್ಕೆ ಬಿಡುವ ಬಾಗಿಲು) ಇದ್ದರೆ ಇದಕ್ಕೆ ಉಲ್ಟಾ. ಪೈಪ್ ಬಿಟ್ಟರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರುತ್ತದೆ. ಅದು ಇಂಜಿನ್‌ಗೇ ಅಪಾಯ, ಅಲ್ವಾ? ಹಾಗಾದರೆ ಆ ಗಾಡಿ ಓಡಿಸದೇ ನಿಲ್ಲಿಸಿ.

ಹೋದ ವಾರ ಸರ್ವಿಸ್ ಹೊತ್ತಿಗೆ ಸ್ಲೀವ್ ಬಿಚ್ಚಿ ನೋಡಿದೆ. ಟರ್ಬೊ ಕಡೆಗಿರುವ ಮೈಯಲ್ಲಿ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿದೆ. ಒಳಗಿನ ನೀಲಿ ಪೈಪ್ ಮಾತ್ರ ಹಾಕಿದ ದಿನದ ಬಣ್ಣದಲ್ಲೇ ಇದೆ. ಹಿಸುಕಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ಮೊದಲಿನ ಹಾಗಾಗುತ್ತದೆ. ಉಳಿದ ಅರ್ಧ ಮೀಟರ್ ಪೈಪ್ ಮತ್ತು ಎರಡು ಕ್ಲಿಪ್ ಡಿಕ್ಕಿಯಲ್ಲಿ ಇಟ್ಟಿದ್ದೇನೆ.