ಸೇನೆ ಕಳಿಸಲು ಸಂಸತ್ತಿನ ಒಪ್ಪಿಗೆ: ಅಮೆರಿಕದ ಮಾದರಿಯೋ, ಜರ್ಮನಿಯದೋ?

ಚರ್ಚೆಗೋ ಪ್ರಬಂಧಕ್ಕೋ ಒಂದು ಮಾದರಿ ಆರಿಸುವವರು ಸಂಸತ್ತಿನ ಒಪ್ಪಿಗೆಗೆ ಇಟ್ಟ ಗಡುವಿಗಿಂತ, ಗಡುವು ಮೀರಿದರೆ ಏನಾಗುತ್ತದೆ ಎಂಬುದನ್ನು ನೋಡಬೇಕು.

ಅಮೆರಿಕದ 1973ರ ಯುದ್ಧಾಧಿಕಾರ ನಿರ್ಣಯದ ಪ್ರಕಾರ, ಸೇನೆಯನ್ನು ಕದನಕ್ಕಿಳಿಸಿದ ಅಧ್ಯಕ್ಷರು 48 ಗಂಟೆಯೊಳಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಅನುಮತಿ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ಸುರಕ್ಷಿತ ವಾಪಸಾತಿಗೆ ಇನ್ನೂ 30 ದಿನ. ಕಾಗದದಲ್ಲಿ ಬಿಗಿಯೇ. ತೂತಿರುವುದು ‘ಕದನ’ ಎಂಬ ಪದದಲ್ಲಿ: ಅದಕ್ಕೆ ವ್ಯಾಖ್ಯೆಯೇ ಇಲ್ಲ. 2011ರಲ್ಲಿ ಲಿಬಿಯಾ ಕಾರ್ಯಾಚರಣೆ 60 ದಿನ ದಾಟಿದಾಗ, ಇದು ಆ ಅರ್ಥದ ಕದನವಲ್ಲ ಎಂದು ಒಬಾಮಾ ಸರ್ಕಾರ ವಾದಿಸಿತು. ಕಾರ್ಯಾಚರಣೆ ನಿಲ್ಲಿಸುವ ಕಾಂಗ್ರೆಸ್ಸಿನ ನಿರ್ಣಯಕ್ಕೆ ಅಧ್ಯಕ್ಷರ ವೀಟೊ (ತಡೆ) ಬಿದ್ದರಂತೂ, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. 2019ರಲ್ಲಿ ಯೆಮನ್ ಯುದ್ಧದಲ್ಲಿ ಅಮೆರಿಕದ ಪಾತ್ರ ನಿಲ್ಲಿಸುವ ನಿರ್ಣಯ ಬಿದ್ದುಹೋದದ್ದು ಅಲ್ಲೇ.

ಜರ್ಮನಿಯಲ್ಲಿ ಲೆಕ್ಕ ತಿರುಗುಮುರುಗು. 1994ರ ಸಂವಿಧಾನ ನ್ಯಾಯಾಲಯದ ತೀರ್ಪು, 2005ರ ಕಾಯ್ದೆ ಎರಡೂ ಹೇಳುವುದು ಇಷ್ಟೇ: ಸಶಸ್ತ್ರ ಪಡೆ ಹೊರಡುವ ಮುನ್ನವೇ ಬುಂಡೆಸ್ಟಾಗ್ (ಜರ್ಮನಿಯ ಸಂಸತ್ತು) ಒಪ್ಪಬೇಕು. ತುರ್ತಿದ್ದರೆ ಮೊದಲು ಕಳಿಸಿ ಆಮೇಲೆ ಕೇಳಬಹುದು. ಸದನ ಒಲ್ಲೆನೆಂದರೆ ಪಡೆಯನ್ನು ವಾಪಸು ಕರೆಸಲೇಬೇಕು.