ಹಳೇ ಲ್ಯಾಪ್‌ಟಾಪ್‌ಗೆ ಎಸ್‌ಎಸ್‌ಡಿ, ರ‍್ಯಾಮ್: ಮಳೆಗಾಲ ದಾಟಿದ ಮೇಲಿನ ಮಾತು

ಮದರ್‌ಬೋರ್ಡ್‌ಗೇ ಬೆಸುಗೆಯಾದ 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಇಂಥ 15 ಇಂಚಿನ ಲ್ಯಾಪ್‌ಟಾಪ್‌ಗಳು ನಮ್ಮ ಕಡೆ ಇನ್ನೂ ಬೇಕಾದಷ್ಟು ಮನೆಗಳಲ್ಲಿವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ, ವಿಂಡೋಸ್ 11 ಹಾಕಿದವರೆಲ್ಲ ಒಂದೇ ದೂರು ಹೇಳುತ್ತಾರೆ: ಎಳೆಯುತ್ತದೆ. ಅದೇ ಯಂತ್ರಕ್ಕೆ 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲೇ ಬರೆಯುವ ವೇಗದ ಡ್ರೈವ್), 8 ಜಿಬಿಯ ಒಂದು ಡಿಡಿಆರ್4 ರ‍್ಯಾಮ್ ಸ್ಟಿಕ್ ಹಾಕಿ, ಹಳೇ ಹಾರ್ಡ್ ಡಿಸ್ಕನ್ನು ಎರಡನೇ ಡ್ರೈವ್ ಆಗಿ ಒಳಗೇ ಉಳಿಸಿಕೊಂಡು ಬಳಸಿದ ಅನುಭವದ ವಿಮರ್ಶೆ ಇದು.

ಮೊದಲು ಸಂತೋಷದ ವಿಷಯ. ವೇಗ ಹೆಚ್ಚಿದ್ದನ್ನು ಎಲ್ಲರೂ ಹೇಳುತ್ತಾರೆ, ಅದು ಬಿಡಿ. ಮಲೆನಾಡಿನವರಿಗೆ ನಿಜವಾಗಿ ಸಿಕ್ಕ ಲಾಭ ಹೈಬರ್ನೇಟ್. ಸಂಜೆ ಗುಡುಗು ಶುರುವಾಯಿತು ಎಂದರೆ ಚಾರ್ಜರ್ ಪಿನ್ ಕೀಳು, ರೂಟರ್‌ನಿಂದ ಬಂದ ಕೇಬಲ್ ಕೀಳು, ಲಿಡ್ ಮುಚ್ಚು (ಲಿಡ್ ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಪವರ್ ಸೆಟ್ಟಿಂಗ್‌ನಲ್ಲಿ ಮೊದಲೇ ಹೇಳಿಟ್ಟಿರಬೇಕು). ಅಷ್ಟೇ. ಅಡಿಕೆ ಲೆಕ್ಕದ ಎಕ್ಸೆಲ್, ನುಡಿಯಲ್ಲಿ ಅರ್ಧ ಟೈಪ್ ಆದ ಅರ್ಜಿ, ಕ್ರೋಮ್‌ನ ಟ್ಯಾಬ್‌ಗಳು ಎಲ್ಲವೂ ಇದ್ದ ಹಾಗೇ ಡಿಸ್ಕಿಗೆ ಇಳಿದು ಯಂತ್ರ ಪೂರ್ತಿ ಆರಿ ಹೋಗುತ್ತದೆ. ಕರೆಂಟು ಮರುದಿನ ಬಂದರೂ ಚಿಂತೆಯಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಇದೇ ಕೆಲಸ ಎಷ್ಟು ಹೊತ್ತು ಹಿಡಿಯುತ್ತಿತ್ತೆಂದರೆ ಯಾರೂ ಬಳಸುತ್ತಲೇ ಇರಲಿಲ್ಲ. ಹೈಬರ್ನೇಟ್ ಫೈಲಿಗೆ ವಿಂಡೋಸ್ ಸಾಮಾನ್ಯವಾಗಿ ರ‍್ಯಾಮ್‌ನ ಶೇ. 40ರಷ್ಟು ಜಾಗ ತೆಗೆದಿಡುತ್ತದೆ. 12 ಜಿಬಿಗೆ ಸುಮಾರು 4.8 ಜಿಬಿ. 250 ಜಿಬಿ ಬೇಡ, ಇನ್ನೊಂದಿಷ್ಟು ದುಡ್ಡು ಸೇರಿಸಿ 500ರದ್ದೇ ತಗೊಳ್ಳಿ ಎನ್ನಲು ಇದೂ ಒಂದು ಕಾರಣ. ದೊಡ್ಡ ಕಾರಣ ಮುಂದೆ ಬರುತ್ತದೆ.

ಶಿವಮೊಗ್ಗದ ಪೇಟೆಗೆ ಹೊರಡುವ ಮೊದಲು ಮನೆಯಲ್ಲೇ ಎರಡು ವಿಷಯ ನೋಡಿಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ, ವೇಗ ಎಷ್ಟು ಎಂದು ಬರೆದಿರುತ್ತದೆ. ಬೇರೆ ವೇಗದ ಸ್ಟಿಕ್ ಹಾಕಿದರೂ ನಡೆಯುತ್ತದೆ, ಎರಡೂ ಕಡಿಮೆ ವೇಗಕ್ಕೆ ಇಳಿಯುತ್ತವೆ. 4 ಮತ್ತು 8 ಜೋಡಿಯಾದಾಗ ಇಂಟೆಲ್ ಯಂತ್ರಗಳಲ್ಲಿ ತಲಾ 4 ಜಿಬಿ ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ, ಓಡುತ್ತದೆ, ಉಳಿದದ್ದು ಸಿಂಗಲ್‌ನಲ್ಲಿ. ದಿನದ ಕೆಲಸದಲ್ಲಿ ಗೊತ್ತಾಗುವುದಿಲ್ಲ. ಇನ್ನೊಂದು, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇದ್ದ ಮಾತ್ರಕ್ಕೆ ಎನ್‌ವಿಎಂಇ ನಡೆಯುತ್ತದೆ ಎಂದಲ್ಲ. ಕೆಲವು ಸ್ಲಾಟ್‌ಗಳು ಸಾಟಾ ಎಂಬ ಹಳೇ, ನಿಧಾನದ ಬಗೆಗೆ ಮಾತ್ರ. ಅದರಲ್ಲಿ ಎನ್‌ವಿಎಂಇ ಕೂತರೂ ಬಯೋಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್ ಪುಟ) ಕಾಣುವುದೇ ಇಲ್ಲ. ತಯಾರಕರ ಸರ್ವೀಸ್ ಮ್ಯಾನ್ಯುಯಲ್ ತೆಗೆದು ನಿಮ್ಮ ಮಾಡೆಲ್‌ನ ಸಾಲು ಓದಿ. ಅಂಗಡಿಯವರು "ಎಲ್ಲದಕ್ಕೂ ಆಗುತ್ತೆ ಸಾರ್" ಅಂದರೆ ಅದನ್ನೇ ನೆಚ್ಚಿಕೊಳ್ಳಬೇಡಿ. ಸಾಟಾದ ಕಡ್ಡಿಗೆ ಸಾಮಾನ್ಯವಾಗಿ ಎರಡು ಕಚ್ಚು, ಎನ್‌ವಿಎಂಇಗೆ ಒಂದು.

ಬಿಚ್ಚುವ ಕೆಲಸ ಬಿಸಿಲಿನ ದಿನವೇ ಆಗಲಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಯಂತ್ರ ಪೂರ್ತಿ ಆರುತ್ತದೆ. ಕೆಲವದರಲ್ಲಿ ರಬ್ಬರ್ ಪಾದದ ಕೆಳಗೂ ಸ್ಕ್ರೂ ಅಡಗಿರುತ್ತದೆ; ಅದನ್ನು ಬಿಟ್ಟು ಮುಚ್ಚಳ ಎಬ್ಬಿಸಿದರೆ ಕ್ಲಿಪ್ ಮುರಿಯುವುದು ಖಂಡಿತ. ಮುಚ್ಚಳ ತೆಗೆದ ತಕ್ಷಣ ಬ್ಯಾಟರಿ ಕನೆಕ್ಟರ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ರ‍್ಯಾಮನ್ನು ಓರೆಯಾಗಿ, ಚಿನ್ನದ ಬಣ್ಣದ ಅಂಚು ಕಾಣದಷ್ಟು ಒಳಗೆ ತಳ್ಳಿ ಆಮೇಲೆ ಕೆಳಗೆ ಒತ್ತಬೇಕು. ಎರಡೂ ಬದಿಯ ಕೊಕ್ಕೆ ಕಚ್ಚಿಕೊಳ್ಳಬೇಕು. ಎಸ್‌ಎಸ್‌ಡಿಯ ತುದಿ ಹಿಡಿಯುವ ಪುಟ್ಟ ಸ್ಕ್ರೂ ಡಬ್ಬಿಯಲ್ಲಿ ಬಾರದೇ ಇರಬಹುದು. ಅಂಗಡಿಯಲ್ಲೇ ಕೇಳಿ ಪಡೆಯಿರಿ. ಮೊದಲ ಸಲ ಆನ್ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿದ್ದರೆ ಗಾಬರಿಯಾಗಬೇಡಿ, ಹೊಸ ಮೆಮೊರಿಯನ್ನು ಯಂತ್ರ ಅಳೆದುಕೊಳ್ಳುತ್ತಿರುತ್ತದೆ.

ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಒಂದು ಮಾತು. ಆಷಾಢದಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಬರುವಾಗ ರ‍್ಯಾಮ್ ತುದಿಗೆ ತೇವ ಹಿಡಿಯದೇ ಇರುತ್ತದೆಯೇ? ಪವರ್ ಲೈಟ್ ಹತ್ತಿ ಪರದೆ ಬಾರದಿದ್ದರೆ ಬೋರ್ಡ್ ಹೋಯಿತು ಎಂಬ ತೀರ್ಮಾನಕ್ಕೆ ಬರುವ ಮೊದಲು ಸ್ಟಿಕ್ ತೆಗೆದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ತುದಿ ಒರೆಸಿ, ಒಣಗಿಸಿ ಮತ್ತೆ ಕೂರಿಸಿ. ಬಹಳ ಸಲ ಇಷ್ಟಕ್ಕೇ ಸರಿಹೋಗುತ್ತದೆ. ದಿನಕ್ಕೆ ಒಂದಿಷ್ಟು ಹೊತ್ತು ಆನ್ ಆಗಿ ಬಿಸಿಯಾಗುವ ಲ್ಯಾಪ್‌ಟಾಪ್‌ಗೆ ಈ ಕಾಟ ಕಡಿಮೆ.

ಇನ್ನು ಬೇಸರದ ವಿಷಯ: ಒಳಗೇ ಉಳಿದ ಆ ಹಾರ್ಡ್ ಡಿಸ್ಕ್. ಹೇಗೂ ಇದೆಯಲ್ಲ, 1 ಟಿಬಿ ಜಾಗ ಪುಕ್ಕಟೆ ಎನ್ನಿಸುವುದು ಸಹಜ. ಆದರೆ ದಿನದ ಬಳಕೆಯಲ್ಲಿ ಅದು ತಾಳ್ಮೆ ಕೆಡಿಸುತ್ತದೆ. ಬಳಕೆಯಿಲ್ಲದಿದ್ದರೆ ಬ್ಯಾಟರಿಯ ಮೇಲಿದ್ದಾಗ 10 ನಿಮಿಷಕ್ಕೆ, ಚಾರ್ಜರ್‌ನಲ್ಲಿದ್ದಾಗ 20 ನಿಮಿಷಕ್ಕೆ ವಿಂಡೋಸ್ ಡಿಸ್ಕನ್ನು ನಿಲ್ಲಿಸುತ್ತದೆ. ಆಮೇಲೆ ವರ್ಡ್‌ನಲ್ಲಿ ಸೇವ್ ಆ್ಯಸ್ ಒತ್ತಿದಿರಿ ಎನ್ನಿ. ಫೈಲ್ ಎಸ್‌ಎಸ್‌ಡಿಯಲ್ಲೇ ಇದ್ದರೂ ಆ ಕಿಟಕಿ ಎಲ್ಲ ಡ್ರೈವ್‌ಗಳನ್ನೂ ಮಾತಾಡಿಸುತ್ತದೆ. ಡಿಸ್ಕ್ ತಿರುಗಿ ವೇಗ ಹಿಡಿಯುವ ತನಕ ಪರದೆ ಅಲುಗಾಡುವುದಿಲ್ಲ. ಕೆಲವೇ ಸೆಕೆಂಡು, ನಿಜ. ಆದರೆ ಮಿಕ್ಕಿದ್ದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವಾಗ ಈ ಕೆಲವು ಸೆಕೆಂಡೇ ಕಣ್ಣಿಗೆ ಚುಚ್ಚುತ್ತದೆ. ನಿಲ್ಲಿಸಲೇಬೇಡ ಎಂದು ಸೆಟ್ಟಿಂಗ್ ಬದಲಿಸಿದರೆ ಬ್ಯಾಟರಿಗೆ ಕತ್ತರಿ. ಸಾಧಾರಣ ಕೆಲಸದಲ್ಲಿ 7 ವ್ಯಾಟ್ ಎಳೆಯುವ ಯಂತ್ರಕ್ಕೆ ಡಿಸ್ಕ್‌ನಿಂದ 1 ವ್ಯಾಟ್ ಸೇರಿದರೆ, 40 ವ್ಯಾಟ್‌ಅವರ್ ಬ್ಯಾಟರಿ ಹತ್ತಿರ ಹತ್ತಿರ ಐದೂ ಮುಕ್ಕಾಲು ಗಂಟೆ ಬರುವುದು ಐದಕ್ಕೆ ಇಳಿಯುತ್ತದೆ. ಕರೆಂಟಿಲ್ಲದ ರಾತ್ರಿಯಲ್ಲಿ ಮುಕ್ಕಾಲು ಗಂಟೆ ಸಣ್ಣದಲ್ಲ. ಜೊತೆಗೆ ಘಾಟಿ ರಸ್ತೆಯಲ್ಲಿ, ಬೈಕಿನ ಬೆನ್ನಚೀಲದಲ್ಲಿ ಓಡಾಡುವ ಲ್ಯಾಪ್‌ಟಾಪ್‌ನೊಳಗೆ ತಿರುಗುವ ತಟ್ಟೆ ಯಾಕೆ ಬೇಕು?

ಬ್ಯಾಕಪ್‌ಗೆ ಇರಲಿ ಎನ್ನುವವರೂ ಇದ್ದಾರೆ. ಅದೇ ಡಬ್ಬಿಯೊಳಗಿರುವುದು ಬ್ಯಾಕಪ್ ಅಲ್ಲ. ಲ್ಯಾಪ್‌ಟಾಪ್ ಬಿದ್ದರೆ, ಕಳುವಾದರೆ, ಸಿಡಿಲಿಗೆ ಸಿಕ್ಕರೆ ಎರಡೂ ಒಟ್ಟಿಗೇ ಹೋಗುತ್ತವೆ. ಅದರಲ್ಲೂ ಎಸ್‌ಎಸ್‌ಡಿಯಿಂದ ಅಳಿಸಿದ ಫೈಲ್ ವಾಪಸ್ ತೆಗೆಯುವುದು ಹಾರ್ಡ್ ಡಿಸ್ಕಿಗಿಂತ ಬಹಳ ಕಷ್ಟ, ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಬೇಗ ಗುಡಿಸಿಬಿಡುತ್ತದೆ.

ಹಾಗಾಗಿ 2.5 ಇಂಚಿನ ಯುಎಸ್‌ಬಿ 3.0 ಕೇಸ್ ಒಂದನ್ನು ತಂದು ಹಾರ್ಡ್ ಡಿಸ್ಕನ್ನು ಹೊರಗೆ ಹಾಕುವುದೇ ಸರಿ. 500 ಜಿಬಿಯದ್ದೇ ತಗೊಳ್ಳಿ ಎಂದಿದ್ದಕ್ಕೆ ದೊಡ್ಡ ಕಾರಣ ಇದೇ: ಆಮೇಲೆ ಒಳಗೆ ಉಳಿಯುವುದು ಎಸ್‌ಎಸ್‌ಡಿಯ ಜಾಗ ಮಾತ್ರ. ಡಿಸ್ಕ್ 7 ಮಿ.ಮೀ. ದಪ್ಪವೋ 9.5 ಮಿ.ಮೀ. ದಪ್ಪವೋ ಅಳೆದುಕೊಂಡು ಹೋಗಿ. ಕೇಸ್‌ಗೆ ಬೇರೆ ಪವರ್ ಅಡಾಪ್ಟರ್ ಬೇಕಿಲ್ಲ. ಆದರೆ ಕೀಳುವ ಮೊದಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಇಎಫ್‌ಐ ಸಿಸ್ಟಮ್ ಪಾರ್ಟಿಷನ್ (ಯಂತ್ರ ಏಳಲು ಬೇಕಾದ ಬೂಟ್ ಫೈಲ್‌ಗಳಿರುವ ಭಾಗ) ಯಾವ ಡಿಸ್ಕಿನಲ್ಲಿದೆ ನೋಡಿ. ವಿಂಡೋಸ್ ಹಾಕುವಾಗ ಎರಡೂ ಡಿಸ್ಕ್ ಜೋಡಿಸಿಯೇ ಇದ್ದರೆ ಇನ್‌ಸ್ಟಾಲರ್ ಎಷ್ಟೋ ಸಲ ಬೂಟ್ ಫೈಲ್‌ಗಳನ್ನು ಹಳೇ ಡಿಸ್ಕಿನಲ್ಲೇ ಇಟ್ಟುಬಿಡುತ್ತದೆ. ಅದನ್ನು ಕಿತ್ತ ದಿನ ಎಸ್‌ಎಸ್‌ಡಿ ಚೆನ್ನಾಗಿದ್ದರೂ ಯಂತ್ರ ಏಳುವುದಿಲ್ಲ. ಈಗಷ್ಟೇ ಹಾಕಿಸುವವರು ಹಾರ್ಡ್ ಡಿಸ್ಕಿನ ಕೇಬಲ್ ಕಳಚಿಟ್ಟೇ ವಿಂಡೋಸ್ ಹಾಕಿ ಎಂದು ಅಂಗಡಿಯಲ್ಲಿ ಮೊದಲೇ ಹೇಳಿ, ಮುಗಿದ ಮೇಲೆ ಡಿಸ್ಕ್ ಇಲ್ಲದೆಯೇ ಒಮ್ಮೆ ಬೂಟ್ ಮಾಡಿ ತೋರಿಸಿ ಎಂದು ಕೇಳಿ.